ಅವ್ವನ ಅವರೆಗೆ ಹತ್ತಿರದ್ದು ಯಾವುದು

ರಾಗಿ ಬಿತ್ತುವಾಗ ನಡುನಡುವೆ ಅಕ್ಕಡಿ ಸಾಲು ಬಿಟ್ಟು ಅವರೆ ಹಾಕುವುದು ನಮ್ಮ ಕಡೆಯ ರೂಢಿ. ಹೋದ ವರ್ಷ ಅವ್ವ ಸಾಲನ್ನೇನೋ ಬಿಟ್ಟಳು, ಅವರೆ ಹಾಕಲಿಲ್ಲ. ತವರಿನಿಂದ ತಂದು, ಮದುವೆಯಾದಾಗಿನಿಂದ ಕಾಪಾಡಿಕೊಂಡು ಬಂದಿದ್ದ ಬೀಜಕ್ಕೆ ಹುಳ ಬಿದ್ದು ಪೂರಾ ಹಿಟ್ಟಾಗಿತ್ತು. ತವರಿನಲ್ಲೂ ಆ ತಳಿ ಉಳಿದಿರಲಿಲ್ಲ. ರಾವಂದೂರಿನಿಂದ ಬೇರೆ ಬೀಜ ತರುತ್ತೇನೆ ಎಂದರೆ, “ಅದು ಯಾವೂರ್ದೋ ಏನೋ. ನಂಗ್ ಬ್ಯಾಡ ಬುಡು,” ಎಂದು ಮುಖ ತಿರುಗಿಸಿದಳು. ಖಾಲಿ ಬಿದ್ದ ಆ ಸಾಲುಗಳನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ನಾನು ಹುಣಸೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವವಳು. ಈ ಚಳಿಗಾಲದಲ್ಲಿ ವರ್ಗೀಕರಣದ ಪಾಠ ನಡೆದಿತ್ತು, ಅದರಲ್ಲೂ ನನಗೆ ಬಲು ಇಷ್ಟವಾದ ಒಂದು ಪದ್ಧತಿ. ಎರಡು ಜೀವಿಗಳು ಎಷ್ಟು ಹತ್ತಿರ ಎಂದು ತಿಳಿಯಲು ಒಂದೇ ಗುಣವನ್ನು ಹಿಡಿದು ಕೂರಬಾರದು. ಕಣ್ಣಿಗೆ ಕಂಡ, ಕೈಗೆ ಸಿಕ್ಕ ಗುಣಗಳನ್ನೆಲ್ಲ ತೆಗೆದುಕೊಂಡು, ಯಾವುದಕ್ಕೂ ಹೆಚ್ಚಿನ ಮರ್ಯಾದೆ ಕೊಡದೆ ಹೋಲಿಸಬೇಕು. ಒಟ್ಟಾರೆ ಯಾವುದು ಹೆಚ್ಚು ಹೋಲುತ್ತದೋ ಅದೇ ಹತ್ತಿರದ್ದು. ಬೋರ್ಡಿನ ಮೇಲೆ ಇದನ್ನು ಬರೆಯುತ್ತಿದ್ದಾಗಲೇ ಥಟ್ಟನೆ ಹೊಳೆಯಿತು. ಅವ್ವನ ಅವರೆ! ಬೀಜ ಹೋದರೇನು, ಅದರ ಗುಣ ಒಂದೊಂದೂ ಅವ್ವನ ತಲೆಯಲ್ಲಿದೆಯಲ್ಲ! ಆವತ್ತಿನ ಪಾಠ ಅಲ್ಲಿಗೇ ಬರಖಾಸ್ತು.

ಮನೆಗೆ ಹೋದವಳೇ ಅವ್ವನ ಬೆನ್ನು ಬಿದ್ದೆ. ಬಳ್ಳಿ ಹಬ್ಬುತ್ತಿತ್ತೋ ಗಿಡವಾಗಿ ನಿಲ್ಲುತ್ತಿತ್ತೋ, ಕಾಯಿಯ ಬೆನ್ನು ಎಷ್ಟು ಬಾಗಿತ್ತು, ಕಾಳು ನೆನೆಸಿ ಹಿಸುಕಿದರೆ ಸಿಪ್ಪೆ ಸಲೀಸಾಗಿ ಬಿಡುತ್ತಿತ್ತೋ? ಅವ್ವನ ಮುಖ ಅರಳಿತು. “ಸೊಗಡು ಅಂದ್ರೆ ಅದು ಕಣವ್ವ. ಕೈ ತೊಳುದ್ರೂ ವಾಸ್ನೆ ಓಯ್ತಿರ್ನಿಲ್ಲ,” ಎಂದಳು.

ಮನೆಯ ಹೊಲದಿಂದ ಹೂವು, ಕಾಯಿ, ಒಣಬೀಜದ ಸಮೇತ ಅವರೆ ಗಿಡ ತನ್ನಿ ಎಂದು ಕ್ಲಾಸಿನ ಮಕ್ಕಳಿಗೆ ಹೇಳಿದೆ. ಕೆ.ಆರ್. ನಗರದಿಂದ, ಪಿರಿಯಾಪಟ್ಟಣದಿಂದ, ಎಚ್.ಡಿ. ಕೋಟೆ ಕಡೆಯ ಕಾಡಂಚಿನಿಂದ ಗಿಡಗಳು ಬಸ್ಸು ಹತ್ತಿ ಬಂದವು. ಲ್ಯಾಬಿನ ತುಂಬ ಸೊಗಡಿನ ಘಮ. ಅವ್ವ ಹೇಳಿದ ಗುಣ ಒಂದು ಹೊಂದಿದರೆ ಆ ಗಿಡದ ಮುಂದೆ ಒಂದು ಹುಣಸೆ ಬೀಜ ಇಡುವುದು. ಮಕ್ಕಳು ಮ್ಯಾಚ್ ನೋಡುವವರ ಹಾಗೆ ಕೂಗತೊಡಗಿದರು, ನಾನಂತೂ ಅವರಿಗಿಂತ ಜೋರು. ಕೊನೆಗೆ ಅಂತರಸಂತೆ ಕಡೆಯ ಹುಡುಗಿ ತಂದ ಗಿಡದ ಮುಂದೆ ಎಲ್ಲಕ್ಕಿಂತ ದೊಡ್ಡ ಗುಡ್ಡೆ ಬಿತ್ತು.

“ನಮ್ದೇ ಮೇಡಂ, ನಮ್ದೇ!” ಎಂದು ಅವಳು ಕುಣಿದಳು. ಹೊಂದದೆ ಉಳಿದದ್ದು ಒಂದೇ. ಅವ್ವನದು ಬಿಳಿ ಹೂವು, ಇದರದು ಊದಾ.

ಗಿಡವನ್ನು ಅವಚಿಕೊಂಡು ಸಂಜೆಯ ಬಸ್ಸಿನಲ್ಲಿ ಊರಿಗೆ ಓಡಿದೆ. ಅವ್ವ ನೋಡಿದ್ದು ಹೂವನ್ನು ಮಾತ್ರ.

“ಇದು ನಮ್ದಲ್ಲ.”

“ಮಿಕ್ಕಿದ್ದೆಲ್ಲಾ ಅದೇ ಕಣವ್ವ! ಹೂವಿನ್ ಬಣ್ಣ ಒಂದ್ನೇ ಇಡ್ಕೊಂಡು ಕೂತ್ರೆ ಎಂಗೆ?”

ಹೋಲಿಕೆ ಇದ್ದ ಮಾತ್ರಕ್ಕೆ ರಕ್ತಸಂಬಂಧ ಇರಲೇಬೇಕೆಂದಿಲ್ಲ. ಈ ಪದ್ಧತಿಯ ಮೇಲೆ ವಿದ್ವಾಂಸರ ದೊಡ್ಡ ದೂರೇ ಅದು. ಆ ವಿಷಯ ಮಾತ್ರ ನಾನು ಬಾಯಿ ಬಿಡಲಿಲ್ಲ.

ಅವ್ವ ಒಂದು ಕಾಯಿ ಸುಲಿದು ಬೆರಳನ್ನು ಮೂಗಿಗೆ ಹಿಡಿದಳು. ಕಾಳನ್ನು ಅಂಗೈಯಲ್ಲಿ ಉರುಳಿಸಿದಳು. ಮತ್ತೆ ಮೂಸಿದಳು. ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿದಳು.

“ನೀ ಉಟ್ದಾಗ ನಮ್ಮವ್ವ ನಿನ್ ಬಣ್ಣ ನೋಡಿ, ಇದು ನಮ್ಮ ಕಡೇದಲ್ಲ ಅಂದ್ಬುಟ್ಳು. ಕಣ್ಣು, ಮೂಗು, ಕೈಬೆರಳು ಎಲ್ಲಾ ನಂದೇ. ಬಣ್ಣ ಒಂದು ನಿಮ್ಮಪ್ಪಂದು. ಆ ಮಾತ್ಗೆ ನಾ ಎಷ್ಟು ಅತ್ತಿದ್ದೆ ಗೊತ್ತಾ?”

ಹಾಗೆಂದು ಒಣಗಿದ ಕಾಯಿಗಳನ್ನು ಒಂದೊಂದಾಗಿ ಬಿಡಿಸಿ ಸೆರಗಿಗೆ ಹಾಕಿಕೊಳ್ಳತೊಡಗಿದಳು. ನನಗೆ ಕುಣಿಯಬೇಕೆನಿಸಿತು, ಜೊತೆಗೆ ಅಳುವೂ ಬಂತು.

“ಸುಮ್ಕೆ ನಿಂತ್ಕಬ್ಯಾಡ, ಒಲೆ ಬೂದಿ ತಕ್ಕಬಾ, ಈ ಸಲ ಬೀಜುಕ್ಕೆ ಉಳ ಬೀಳ್ಬಾರ್ದು,” ಎಂದಳು ಅವ್ವ. “ಮುಂಗಾರ್ಗೆ ಇದ್ನೇ ಬಿತ್ತವ.”