ಕೆಂಡ ಸುಡದ ವರ್ಷ

ಜಾರಪ್ಪಣ್ಣನವರು ಬರಿಗಾಲಿನಲ್ಲಿ ಜೀಪು ಓಡಿಸುತ್ತಿದ್ದರು. ಹತ್ತುವ ಮೊದಲು ಚಪ್ಪಲಿಗಳನ್ನು ಕಳಚಿ ಸೀಟಿನ ಅಡಿಗೆ ತಳ್ಳಿ, ಅಂಗಾಲುಗಳನ್ನು ಒಂದೊಂದಾಗಿ ಪ್ಯಾಂಟಿಗೆ ಒರೆಸಿಕೊಂಡ ನಂತರವೇ ಕ್ಲಚ್ಚಿನ ಮೇಲೆ ಕಾಲಿಡುವುದು ಅವರ ಕ್ರಮವಾಗಿತ್ತು. ಹೊಸ ಪ್ರಯಾಣಿಕರು ಕಾರಣ ವಿಚಾರಿಸಿದಲ್ಲಿ, “ಚಪ್ಪಲಿ ಹಾಕಿ ಗಾಡಿ ಬಿಡುವುದು ಅಂದ್ರೆ ಕೈಗೆ ಗವಸು ಹಾಕಿ ಊಟ ಮಾಡಿದ ಹಾಗೆ. ಹೊಟ್ಟೆ ತುಂಬ್ತದೆ, ಆದ್ರೆ ಏನು ತಿಂದದ್ದು ಅಂತ ಗೊತ್ತಾಗುದಿಲ್ಲ” ಎಂದು ಉತ್ತರಿಸುತ್ತಿದ್ದರು.

ಸದರಿ ಜೀಪು ಗುರುವಾಯನಕೆರೆ ಪೇಟೆಯಿಂದ ನಮ್ಮ ಊರಿನ ಏರುದಾರಿಯವರೆಗೆ ಜನರನ್ನು ಸಾಗಿಸುತ್ತಿತ್ತು. ನಾನು ಪೇಟೆಯ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತೆಯಾಗಿದ್ದು, ಅವರ ನೆರೆಮನೆಯವಳೂ ಆಗಿರುವುದರಿಂದ, ಬೆಳಿಗ್ಗೆ ಮತ್ತು ಸಂಜೆ ಅವರ ಎಡಬದಿಯ ಸೀಟು ನನಗೆ ಮೀಸಲಾಗಿತ್ತು. ದಾರಿಯುದ್ದಕ್ಕೂ ಅವರು ಮಾತನಾಡುತ್ತಿದ್ದರು. ಇಂಜಿನಿನ ಶಬ್ದ ಸ್ವಲ್ಪ ಬದಲಾದರೂ ಮಾತು ನಿಲ್ಲಿಸಿ, ತಲೆ ವಾಲಿಸಿ, ಕಾಲಿನಿಂದ ಆಲಿಸುವವರಂತೆ ಕುಳಿತುಬಿಡುತ್ತಿದ್ದರು. ಬಳಿಕ ಯಾವ ಬೋಲ್ಟು ಸಡಿಲವಾಗಿದೆ ಎಂಬುದನ್ನು ತಿಳಿಸುತ್ತಿದ್ದರು. ಅವರ ಊಹೆ ಅನೇಕ ಸಲ ತಪ್ಪುತ್ತಿತ್ತು ಎಂಬುದನ್ನೂ ಇಲ್ಲಿ ನಮೂದಿಸುವುದು ನ್ಯಾಯ.

ಅವರ ಕುಟುಂಬಕ್ಕೆ ಊರಿನ ದೈವಕ್ಕೆ ವರ್ಷಕ್ಕೊಮ್ಮೆ ನಡೆಯುವ ನೇಮದ ಉತ್ಸವದಲ್ಲಿ ಕೆಂಡಸೇವೆಯ ಹರಕೆ ತಲೆತಲಾಂತರದಿಂದ ಬಂದದ್ದು. ಹರಕೆ ಹೊತ್ತವರು ವ್ರತ ಹಿಡಿದು, ಮಿಂದು, ಹರಡಿದ ಕೆಂಡದ ಮೇಲೆ ಬರಿಗಾಲಿನಲ್ಲಿ ನಡೆಯಬೇಕು. ಜಾರಪ್ಪಣ್ಣನವರು ಪ್ರತಿ ವರ್ಷ ನಡೆಯುತ್ತಿದ್ದರು. ಮರುದಿನ ಕುಂಟುತ್ತಲೇ ಜೀಪು ಹತ್ತುತ್ತಿದ್ದರು. ದೈವ ಒಲಿದವರಿಗೆ ಕೆಂಡ ಹೂವಿನಂತೆ ತಂಪಾಗುತ್ತದೆ ಎಂದು ಅವರ ಸೋದರಮಾವ ಐತಪ್ಪಜ್ಜ ಹೇಳುವುದುಂಟು. ಕುಟುಂಬದ ದೈವಕಾರ್ಯಗಳಿಗೆಲ್ಲ ಆ ಅಜ್ಜನ ಮಾತೇ ಕೊನೆಯದು. ಜಾರಪ್ಪಣ್ಣನವರು ಮಾತ್ರ ಜೀಪಿನಲ್ಲಿ ಧ್ವನಿ ತಗ್ಗಿಸಿ, “ನನಗೆ ಸುಡ್ತದೆ ಮಾರಾಯ್ತಿ. ನನ್ನಲ್ಲೇ ಏನೋ ಕಡಿಮೆ ಉಂಟು” ಎಂದು ನಗುತ್ತಿದ್ದರು. ಆ ನಗೆಯ ಹಿಂದೆ ನಿಜವಾದ ಒಂದು ಕೊರಗಿತ್ತು.

ಅನಾರೋಗ್ಯವು ಯಾವಾಗ ಆರಂಭವಾಯಿತೆಂದು ಖಚಿತವಾಗಿ ಹೇಳಲು ಸಾಧ್ಯವಿಲ್ಲ. ಮೊದಲು ಕಂಡದ್ದು ಬಾಯಾರಿಕೆ. ಗೇರಿನ ಪಕ್ಕದ ನೀರಿನ ಬಾಟಲಿ ಪೇಟೆ ತಲುಪುವುದರೊಳಗೆ ಖಾಲಿಯಾಗುತ್ತಿತ್ತು. ಅರ್ಧ ದಾರಿಯಲ್ಲಿ ಜೀಪು ನಿಲ್ಲಿಸಿ ಪೊದೆಯ ಮರೆಗೆ ಹೋಗಿ ಬರುವುದು ಹೆಚ್ಚಾಯಿತು. ಹಿಂದಿನ ಸೀಟಿನ ಹೆಂಗಸೊಬ್ಬರು, “ಜಾರಪ್ಪಣ್ಣ, ರೇಡಿಯೇಟರ್ ಸೋರುವುದು ಜೀಪಿನದ್ದಾ ನಿಮ್ಮದಾ?” ಎಂದು ಕೇಳಿದಾಗ ಎಲ್ಲರಿಗಿಂತ ಜೋರಾಗಿ ಅವರೇ ನಕ್ಕರು. ಎರಡು ಹೊತ್ತಿನ ಊಟ ಮೊದಲಿಗಿಂತ ಹೆಚ್ಚಾಗಿದ್ದರೂ ಅಂಗಿಯ ಕಾಲರು ಕುತ್ತಿಗೆಯಿಂದ ದೂರ ನಿಲ್ಲತೊಡಗಿತು. ಎದುರಿನ ಬಸ್ಸಿನ ಬೋರ್ಡು ಮೂಡುಬಿದಿರೆಯದೋ ಬೆಳುವಾಯಿಯದೋ ಎಂದು ನನ್ನನ್ನು ಕೇಳತೊಡಗಿದರು. ಸೆಖೆ, ಪ್ರಾಯ, ಧೂಳು ಎಂದು ಒಂದೊಂದಕ್ಕೂ ಅವರ ಬಳಿ ಒಂದು ಕಾರಣ ಸಿದ್ಧವಾಗಿತ್ತು.

ಆ ನಂತರ ಕಾಲುರಿ ಬಂತು. ಮಲಗಿದರೆ ಅಂಗಾಲುಗಳಿಗೆ ಮೆಣಸು ಅರೆದು ಹಚ್ಚಿದಂತಾಗುತ್ತದೆ, ಹೊದಿಕೆ ತಾಗಿದರೂ ತಡೆಯಲಾಗುವುದಿಲ್ಲ ಎನ್ನುತ್ತಿದ್ದರು. ಪತ್ನಿ ಗಿರಿಜಕ್ಕ ಒತ್ತಾಯಿಸಿ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದರು. ಬರಿಹೊಟ್ಟೆಯಲ್ಲಿ ನೂರರೊಳಗೆ ಇರಬೇಕಾದ ರಕ್ತದ ಸಕ್ಕರೆ ಅವರಲ್ಲಿ ಇನ್ನೂರೈವತ್ತನ್ನು ದಾಟಿತ್ತು. ನೂರ ಇಪ್ಪತ್ತಾರು ಮುಟ್ಟಿ, ಮತ್ತೊಮ್ಮೆ ಪರೀಕ್ಷಿಸಿದಾಗಲೂ ಇಳಿಯದಿದ್ದರೆ ಅದು ಮಧುಮೇಹವೆಂದೂ, ಅವರ ವಿಷಯದಲ್ಲಿ ಸಂಶಯಕ್ಕೆ ಎಡೆಯೇ ಇಲ್ಲವೆಂದೂ, ಕಾಲುರಿಯು ನರಗಳ ದೂರು ಎಂದೂ ಅಲ್ಲಿನ ವೈದ್ಯರು ತಿಳಿಸಿದರು. ಗುಳಿಗೆಗಳನ್ನು ಕೊಟ್ಟು, ಬರಿಗಾಲಿನಲ್ಲಿ ಓಡಾಡಕೂಡದೆಂದು ಎಚ್ಚರಿಸಿದರು. ಜಾರಪ್ಪಣ್ಣನವರು ಗುಳಿಗೆಗಳನ್ನು ತಪ್ಪದೆ ಸೇವಿಸಿದರು. ಜೊತೆಗೆ, ಉರಿ ಕಡಿಮೆಯಾಗಲೆಂದು ದೈವದ ಮುಂದೆ ಕಾಣಿಕೆ ಇಟ್ಟು ಪ್ರಾರ್ಥಿಸಿದರು.

ಆ ವರ್ಷದ ನೇಮಕ್ಕೆ ನಾನೂ ಹೋಗಿದ್ದೆ. ಗಿರಿಜಕ್ಕ ಬೇಡವೆಂದರೂ ಹರಕೆ ತಪ್ಪಿಸಲು ಅವರು ಒಪ್ಪಲಿಲ್ಲ. ಕೆಂಡದ ಮೇಲೆ ಕಾಲಿಟ್ಟವರು ಎಂದಿನಂತೆ ಓಡಲಿಲ್ಲ. ನಡುವಿಗೆ ಬಂದಾಗ ನಡಿಗೆ ನಿಧಾನವಾಯಿತು. ಅವರು ತಲೆ ತಗ್ಗಿಸಿ, ತಮ್ಮ ಪಾದಗಳನ್ನು ನೋಡಿಕೊಳ್ಳುತ್ತ, ಅಂಗಳದಲ್ಲಿ ನಡೆದಂತೆ ನಡೆದು ಆಚೆ ದಾಟಿದರು. ಐತಪ್ಪಜ್ಜ ಬಂದು ಅವರ ತಲೆಯ ಮೇಲೆ ಕೈಯಿಟ್ಟರು. ಜಾರಪ್ಪಣ್ಣನವರು ಅಳುತ್ತಿದ್ದರು.

“ಸುಡ್ಲಿಲ್ಲ ವನಿತಾ,” ಎಂದು ಮರುದಿನ ಜೀಪಿನಲ್ಲಿ ಹೇಳಿದರು. “ಇಷ್ಟು ವರ್ಷದಲ್ಲಿ ಮೊದಲ ಸಲ. ನಿನ್ನೆ ಕಾಲುರಿಯೂ ಇಲ್ಲ, ಸುಖ ನಿದ್ರೆ.”

ಕಾಲುರಿ ಹೋದದ್ದು ನಿಜವೇ ಆಗಿತ್ತು. ಉರಿಯೇ ಇಲ್ಲದ ಮೇಲೆ ಕಾಯಿಲೆಯೂ ಇಲ್ಲವೆಂದು ತೀರ್ಮಾನಿಸಿ ಅವರು ಗುಳಿಗೆಗಳನ್ನು ನಿಲ್ಲಿಸಿದರು. ದೈವ ಗುಣಪಡಿಸಿದ ಮೈಗೆ ಪುನಃ ಮದ್ದು ತಿನ್ನುವುದೆಂದರೆ ದೈವವನ್ನು ಸಂಶಯಿಸಿದಂತೆ ಎಂಬುದು ಅವರ ವಾದವಾಗಿತ್ತು. ಇನ್ನೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ಎಂದು ನಾನು ಕೇಳಿಕೊಂಡೆ. ಗಿರಿಜಕ್ಕ ಅತ್ತು ಕೇಳಿದರು. ಅಷ್ಟರಲ್ಲಿ ಸುತ್ತಲಿನ ಊರುಗಳಿಂದ ಜನರು ಅವರ ಪಾದ ಮುಟ್ಟಿ ನಮಸ್ಕರಿಸಲು ಬರತೊಡಗಿದ್ದರು. ತನ್ನಲ್ಲೇ ಏನೋ ಕೊರತೆಯಿದೆ ಎಂದು ಆಯುಷ್ಯವಿಡೀ ನಂಬಿದ್ದ ಮನುಷ್ಯನಿಗೆ ಆ ನಮಸ್ಕಾರಗಳನ್ನು ಬಿಟ್ಟು ರಕ್ತ ಪರೀಕ್ಷೆಗೆ ಹೋಗುವುದು ಸಾಧ್ಯವಾಗಲಿಲ್ಲ.

ಕೆಲವು ದಿನಗಳ ನಂತರ ಅವರು ಪೇಟೆಯ ಹೋಟೆಲಿನಿಂದ ಒಂದೇ ಚಪ್ಪಲಿಯಲ್ಲಿ ನಡೆದು ಬಂದರು. ಇನ್ನೊಂದು ಹಿಂದೆ ರಸ್ತೆಯ ನಡುವೆ ಬಿದ್ದಿತ್ತು, ಅವರಿಗೆ ತಿಳಿದಿರಲಿಲ್ಲ. ಎಲ್ಲರೂ ನಕ್ಕರು. ಆದರೆ ಜೀಪು ಹೊರಟ ಮೇಲೆ ನಾನು ಗಮನಿಸಿದ್ದೇನೆಂದರೆ, ಬ್ರೇಕು ಹಾಕುವ ಮೊದಲು ಅವರು ಕಾಲು ಎಲ್ಲಿದೆಯೆಂದು ಬಗ್ಗಿ ನೋಡುತ್ತಿದ್ದರು. ಪೆಡಲಿನ ರಬ್ಬರಿನ ಮೇಲೆ ಕಂದು ಬಣ್ಣದ ಕಲೆಯಿತ್ತು. ತೋರಿಸಿದಾಗ ಜೀಪು ನಿಲ್ಲಿಸಿ ಬಲಗಾಲನ್ನು ಮೇಲಕ್ಕೆತ್ತಿದರು. ಅಂಗಾಲಿನ ನಡುವೆ ಬಾಯ್ದೆರೆದ ಗಾಯವಿತ್ತು, ಅಂಚು ಕಪ್ಪಾಗಿತ್ತು.

“ಓ, ಇದಾ. ನೋವೇ ಇಲ್ಲ.”

“ಆಸ್ಪತ್ರೆಗೆ ಹೋಗುವ ಜಾರಪ್ಪಣ್ಣ. ಈಗಲೇ ಹೋಗುವ.”

“ನೋವಿಲ್ಲದ ಗಾಯಕ್ಕೆ ಡಾಕ್ಟ್ರು ಯಾಕೆ ಮಾರಾಯ್ತಿ?”

ಅರಸಿನ ಮತ್ತು ತೆಂಗಿನೆಣ್ಣೆ ಹಚ್ಚಿ ಬಟ್ಟೆ ಕಟ್ಟಿದರು. ಕಡೆಗೆ ವಾಸನೆ ಬಂದು, ಜ್ವರ ಏರಿ, ಮಾತು ತಡವರಿಸಿದ ದಿನ ಅವರ ಅನುಮತಿಗೆ ಕಾಯದೆ ಆಂಬುಲೆನ್ಸಿನಲ್ಲಿ ಮಲಗಿಸಿದೆವು. ಬಂಟ್ವಾಳ ದಾಟುವಾಗ ಗಿರಿಜಕ್ಕ ಗಂಡನ ಪಾದವನ್ನು ಮಡಿಲಲ್ಲಿಟ್ಟುಕೊಂಡು ಹೆಬ್ಬೆರಳನ್ನು ಒತ್ತುತ್ತಲೇ ಇದ್ದರು. ಅದು ಜಾರಪ್ಪಣ್ಣನವರಿಗೆ ತಿಳಿಯಲಿಲ್ಲ.

ಮಂಗಳೂರಿನ ಆಸ್ಪತ್ರೆಯಲ್ಲಿ ಜ್ವರ ಸ್ವಲ್ಪ ಇಳಿದ ಮೇಲೆ ಯುವ ವೈದ್ಯೆಯೊಬ್ಬರು ಪರೀಕ್ಷೆಗೆ ಬಂದರು. ಕಣ್ಣು ಮುಚ್ಚಿಕೊಂಡು, ಸೂಜಿ ತಾಗಿದಾಗ ಹೇಳಬೇಕೆಂದು ಸೂಚಿಸಿದರು. ಜಾರಪ್ಪಣ್ಣನವರು ಶಾಲೆಯ ಹುಡುಗನಂತೆ ಗಟ್ಟಿಯಾಗಿ ಕಣ್ಣು ಮುಚ್ಚಿದರು. ವೈದ್ಯೆ ಹಿಮ್ಮಡಿಗೆ, ಅಂಗಾಲಿಗೆ, ಬೆರಳುಗಳಿಗೆ ಚುಚ್ಚಿದರು. ಪಾದದ ತುಂಬ ಸಣ್ಣ ಸಣ್ಣ ಕೆಂಪು ಚುಕ್ಕಿಗಳು ಮೂಡಿದವು.

“ಶುರು ಮಾಡಿ ಡಾಕ್ಟ್ರೇ, ನಾನು ತಯಾರಿದ್ದೇನೆ,” ಎಂದರು ಜಾರಪ್ಪಣ್ಣನವರು.

ವೈದ್ಯೆ ಕಣ್ಣು ತೆರೆಯಲು ಹೇಳಿದರು. ಅವರು ತಮ್ಮ ಪಾದವನ್ನು ನೋಡಿದರು, ಸೂಜಿಯನ್ನು ನೋಡಿದರು. ಸಕ್ಕರೆ ಬಹುಕಾಲ ಏರಿಯೇ ಇದ್ದರೆ ನರಗಳು ಮೊದಲು ಉರಿದು, ಆಮೇಲೆ ಸಾಯುತ್ತವೆ. ಸತ್ತ ಮೇಲೆ ಉರಿಯಿರುವುದಿಲ್ಲ, ಅದನ್ನೇ ಹಲವರು ಗುಣವೆಂದು ಭಾವಿಸುತ್ತಾರೆ ಎಂದು ವೈದ್ಯೆ ಮೃದುವಾಗಿ ವಿವರಿಸಿದರು.

“ಹಾಗಾದ್ರೆ ಅವತ್ತು,” ಎಂದು ಜಾರಪ್ಪಣ್ಣನವರು ಕೇಳಿದರು, “ಕೆಂಡ ಸುಟ್ಟದ್ದು ಹೌದಾ?”

“ಹೌದು. ನಿಮಗೆ ಗೊತ್ತಾಗಲಿಲ್ಲ ಅಷ್ಟೇ.”

ಮರುದಿನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಅದಕ್ಕೆ ಅವರು ಅಳಲಿಲ್ಲ, ಆಕ್ಷೇಪಿಸಲಿಲ್ಲ. ಸಹಿ ಹಾಕಲು ಹೇಳಿದ ಕಡೆ ಸಹಿ ಹಾಕಿದರು. ಮನೆಗೆ ಬಂದ ಮೇಲೆ ಜೀಪಿನ ವಿಷಯವನ್ನು ಒಮ್ಮೆಯೂ ಎತ್ತಲಿಲ್ಲ. ಗಿರಿಜಕ್ಕ ಕೊಟ್ಟ ಗುಳಿಗೆ ನುಂಗಿದರು, ಚುಚ್ಚಿದ ಇನ್ಸುಲಿನ್ ಚುಚ್ಚಿಸಿಕೊಂಡರು. ಆದರೆ ಕಾಯಿಲೆ ಅಷ್ಟರಲ್ಲಿ ಮೂತ್ರಪಿಂಡಗಳನ್ನು ತಲುಪಿತ್ತು. ಮುಖ ಬಾತುಕೊಂಡಿತು. ಮಾತು ವಿರಳವಾಯಿತು.

ನಾನು ಕೊನೆಯ ಬಾರಿ ಭೇಟಿಯಾದ ಸಂಜೆ ಐತಪ್ಪಜ್ಜ ಅಲ್ಲಿದ್ದರು. ಮಂಚದ ಪಕ್ಕ ಕುಳಿತು, ಆ ವರ್ಷ ಜಾರಪ್ಪ ನಡೆದ ಹಾಗೆ ಈ ಸೀಮೆಯಲ್ಲಿ ಯಾರೂ ನಡೆದಿಲ್ಲ, ದೈವ ಕೊಟ್ಟ ಕಷ್ಟದಲ್ಲಿ ದೈವವೇ ಕಾಯುತ್ತದೆ ಎಂದು ಸಮಾಧಾನ ಹೇಳಿದರು. ಆಸ್ಪತ್ರೆಯಲ್ಲಿ ವೈದ್ಯೆ ಹೇಳಿದ್ದನ್ನು ಜಾರಪ್ಪಣ್ಣನವರು ಅಜ್ಜನಿಗೆ ಎಂದೂ ತಿಳಿಸಿರಲಿಲ್ಲ. ಅಜ್ಜ ಎದ್ದು ಹೋದ ನಂತರ ಗೋಡೆಯ ಕಡೆಗೆ ಮುಖ ಮಾಡಿಕೊಂಡೇ ಹೇಳಿದರು:

“ಸುಡ್ತಿದ್ದ ವರ್ಷಗಳೇ ಒಳ್ಳೆದಿತ್ತು ವನಿತಾ. ಆಗ ದೈವ ನನ್ನ ಹತ್ರ ಇತ್ತು. ನನಗೆ ಗೊತ್ತಾಗ್ಲಿಲ್ಲ.”

ಆ ವಾರ ಕಳೆಯುವುದರೊಳಗೆ ಅವರು ತೀರಿಕೊಂಡರು. ದೇಹವನ್ನು ಮೀಯಿಸಿ ಚಾವಡಿಯಲ್ಲಿ ಮಲಗಿಸಿ, ಎದೆಯಿಂದ ಕೆಳಗೆ ಬಿಳಿ ವಸ್ತ್ರ ಹೊದಿಸಲಾಗಿತ್ತು. ಮೃತರ ಎರಡೂ ಕಾಲುಗಳ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟುವುದು ನಮ್ಮಲ್ಲಿ ರೂಢಿ. ಹಿರಿಯರಾದ ಐತಪ್ಪಜ್ಜನೇ ಅದನ್ನು ಮಾಡಬೇಕಿತ್ತು. ಅಜ್ಜ ಬಿಳಿ ನೂಲು ಹಿಡಿದುಕೊಂಡು ಬಂದು, ಬಗ್ಗಿ, ವಸ್ತ್ರವನ್ನು ಮೇಲಕ್ಕೆ ಸರಿಸಿದರು. ಎಡಗಾಲಿನ ಹೆಬ್ಬೆರಳಿಗೆ ನೂಲನ್ನು ಸುತ್ತಿದರು. ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದುಕೊಂಡು, ಏನು ಮಾಡಬೇಕೆಂದು ತಿಳಿಯದೆ, ಸುತ್ತ ನಿಂತ ನಮ್ಮೆಲ್ಲರ ಮುಖಗಳನ್ನು ಒಂದೊಂದಾಗಿ ನೋಡತೊಡಗಿದರು.