ರಿಬ್ಬನ್ ಬಿಚ್ಚಿದ ಮೇಲೆ ಬಂದವರು

ಹೋದ ಭಾನುವಾರ ಬಂಗಾರಪೇಟೆ ಪಕ್ಕದ ಗುಡ್ಡದ ಬುಡದಲ್ಲಿ ಎಲ್ಲರೂ ಉಪ್ಪಿಟ್ಟು ತಿಂದು, ಗ್ರೂಪ್ ಫೋಟೊ ತೆಗೆಸಿಕೊಂಡು, ಜೋರಾಗಿ ಚಪ್ಪಾಳೆ ಹೊಡೆದುಕೊಂಡರು. ಆ ಹೊತ್ತಿಗೆ ನನ್ನ ವಾರಗಿತ್ತಿ ಗಿರಿಜಕ್ಕ ಅದೇ ಗುಡ್ಡದ ಆಚೆ ಬದಿಯಲ್ಲಿ, ದಾರಿ ಗೊತ್ತಾಗದೆ ಒಂದು ಬಂಡೆಯ ಮೇಲೆ ಕೂತಿದ್ದರು.

ಬ್ಯಾನರಿನಲ್ಲಿ ಏನು ಬರೆದಿತ್ತು ಗೊತ್ತೆ? 'ಎಲ್ಲರ ಓಟ'!

ನನಗೀಗ ಓಟದ ಹುಚ್ಚು ಹಿಡಿದಿರುವುದು ನಿಮಗೆ ಗೊತ್ತೇ ಇದೆ. (ಗೊತ್ತಿಲ್ಲದಿದ್ದರೆ ನಮ್ಮ ಮನೆಯವರನ್ನು ಕೇಳಿ. ಭಾನುವಾರದ ಕಾಫಿ ಈಗ ಅವರೇ ಮಾಡಿಕೊಳ್ಳುತ್ತಾರೆ.) ಒಂದು ವಾರ ಬೇತಮಂಗಲದ ಕೆರೆ ಏರಿ, ಇನ್ನೊಂದು ವಾರ ಹಳೇ ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸ್‌ನ ದಿಬ್ಬಗಳು, ಮತ್ತೊಂದು ವಾರ ಬಂಗಾರಪೇಟೆ ಕಡೆಯ ಗುಡ್ಡ. ಬಹುಮಾನವಿಲ್ಲ, ಫೀಸಿಲ್ಲ. ಓಡಬಹುದು, ನಡೆಯಲೂಬಹುದು. ಹಾಗಂತ ನಡೆಸುವವರೇ ಹೇಳುತ್ತಾರೆ.

ಗಿರಿಜಕ್ಕನನ್ನು ಎಳೆದುಕೊಂಡು ಹೋದವಳು ನಾನೇ. ಹಳ್ಳಿಯಲ್ಲಿ ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವರು. ಶುಗರ್ ಬಂದಿದೆ, ದಿನಾ ನಡೀಬೇಕು ಎಂದು ಡಾಕ್ಟರು ಹೇಳಿದರು. ನಡೆಯುವುದೇನು ಮಹಾ ಕಷ್ಟ ಅಂತೀರಾ? ಹಳ್ಳಿಯಲ್ಲಿ ಹೆಂಗಸಾಗಿ ಬರಿಗೈಯಲ್ಲಿ ನಡೆದು ನೋಡಿ. "ಎಲ್ಲಿಗ್ ಒಂಟೆ ಗಿರಿಜಾ? ಯಾರಿಗೇನಾಯ್ತು?" ಎಂದು ಪ್ರತಿ ಜಗಲಿಯಿಂದಲೂ ಕೇಳುತ್ತಾರೆ. ಸುಮ್ಮನೆ ನಡೀತಿದ್ದೀನಿ ಎಂದರೆ, "ಕೆಲ್ಸ ಇಲ್ವಾ ನಿಂಗೆ?"

ಅದಕ್ಕೆ ಅವರು ಕೈಯಲ್ಲಿ ಕುಡುಗೋಲು ಹಿಡಿದು ಹೊರಡುತ್ತಿದ್ದರು. ಕುಡುಗೋಲು ಕಂಡರೆ ಯಾರೂ ಏನೂ ಕೇಳುವುದಿಲ್ಲ, ಹುಲ್ಲಿಗೆ ಹೊರಟಿದ್ದಾಳೆ ಎಂದುಕೊಳ್ಳುತ್ತಾರೆ. ಆದರೆ ಹುಲ್ಲಿಲ್ಲದೆ ವಾಪಸ್ ಬರುವ ಹಾಗೂ ಇಲ್ಲವಲ್ಲ! ವಾಕಿಂಗ್ ಹೋದವರು ತಲೆ ಮೇಲೆ ಹೊರೆ ಹೊತ್ತು ಬರುತ್ತಿದ್ದರು. ಕೈಬೀಸಿಕೊಂಡು ನಡೆಯಲು ಅವರಿಗೆ ಸಿಕ್ಕಿದ್ದು ಈ ಭಾನುವಾರದ ಓಟ ಒಂದೇ.

ಮೊದಲು ಚಾಂಪಿಯನ್ ರೀಫ್ಸ್‌ಗೆ ಹೋದೆವು. ಅಲ್ಲಿ ಓಟ ನಡೆಸುವವರು ಸೆಲ್ವಿ, ಗಣಿಯಲ್ಲಿ ದುಡಿದವರೊಬ್ಬರ ಮಗಳು. ಗಿರಿಜಕ್ಕ ಅಲ್ಲೂ ಎಲ್ಲರಿಗಿಂತ ಹಿಂದೆ. ಬಿಸಿಲೇರಿದರೂ ಟೀ ಕ್ಯಾನಿನ ಮುಚ್ಚಳ ತೆಗೆದಿರಲಿಲ್ಲ. ಯಾರೋ ಗೊಣಗಿದರು. ಸೆಲ್ವಿ ಕೇಳಿಸಿಕೊಳ್ಳಲೇ ಇಲ್ಲ. "ಎಲ್ಲಾರೂ ಮೇಲೆ ಬಂದ್ರಾ? ಇನ್ನೊಂದ್ ಅಕ್ಕಾ ಬರ್ಬೇಕು. ಆಮೇಲೇ ಟೀ."

"ದಿಬ್ಬ ಇಳ್ಕೊಂಡು ಬರೋರನ್ನ ಮೇಲೆ ಬಂದ್ರಾ ಅಂತೀರಲ್ಲ?" ಎಂದೆ.

"ನಮ್ಮಪ್ಪಾ ಹಂಗೇ ಕೇಳ್ತಿದ್ರು ಅಕ್ಕಾ. ಶಿಫ್ಟ್ ಮುಗಿದ್ರೂ, ಜೊತೇಲಿ ಇಳಿದೋರು ಒಬ್ರು ಕೆಳಗಿದ್ರೆ ಮನೆಗೆ ಬರ್ತಿರ್ಲಿಲ್ಲ. ಎಲ್ಲಾರೂ ಮೇಲೆ ಬರ್ಬೇಕು. ಅಷ್ಟೇ, ಅವ್ಳೋದಾನ್."

ಮೊದಲ ಲೋಟ ಟೀ ಗಿರಿಜಕ್ಕನಿಗೇ ಸಿಕ್ಕಿತು. ವಾಪಸ್ ಬರುವಾಗ ರೈಲಿನಲ್ಲಿ, "ಬರೋ ವಾರಾನೂ ಓಗಾಣಾ?" ಎಂದು ಅವರಾಗಿಯೇ ಕೇಳಿದರು. ನನಗೆಷ್ಟು ಖುಷಿಯಾಯಿತು!

ಆ ಬರೋ ವಾರವೇ ಈ 'ಎಲ್ಲರ ಓಟ'. ಕೊನೆಯವರ ಹಿಂದೆ ನಮ್ಮ ವಾಲಂಟಿಯರ್ಸ್ ಇರ್ತಾರೆ ಎಂದು ಮೈಕಿನಲ್ಲೇ ಹೇಳಿದ್ದರು. ಅದನ್ನು ನಂಬಿ, "ನೀನ್ ಮುಂದೆ ಓಗು, ನಾನ್ ಮೆಲ್ಲಗ್ ಬತ್ತೀನಿ" ಎಂದ ಗಿರಿಜಕ್ಕನನ್ನು ಬಿಟ್ಟು ನಾನು ಮುಂದೆ ಓಡಿದೆ. ದಾರಿ ತೋರಿಸಲು ಗಿಡಗಳಿಗೆ ಕೆಂಪು ರಿಬ್ಬನ್ ಕಟ್ಟಿದ್ದರು. ಓಟ ಮುಗಿದ ಮೇಲೆ ಅವನ್ನು ಬಿಚ್ಚಿಕೊಂಡು ಬರಬೇಕಾದವರೂ ಈ ವಾಲಂಟಿಯರ್‌ಗಳೇ. ಅವರೇನು ಮಾಡಿದರು? "ಸೂಪರ್ ಆಂಟಿ!" ಎಂದು ಗಿರಿಜಕ್ಕನಿಗೆ ಹೆಬ್ಬೆರಳು ತೋರಿಸಿ, ಅವರನ್ನು ದಾಟಿ, ಮುಂದಿನ ರಿಬ್ಬನ್‌ಗಳನ್ನೂ ಬಿಚ್ಚಿಕೊಂಡು ಹೊರಟೇ ಹೋದರು. ಉಪ್ಪಿಟ್ಟು ಆರಿ ಹೋಗುತ್ತದಲ್ಲ, ಪಾಪ!

ಗುಡ್ಡದ ಮೇಲೆ ದಾರಿ ಕವಲಾಗುವ ಕಡೆ ಗುರುತೇ ಇರಲಿಲ್ಲ. ಗಿರಿಜಕ್ಕನ ಫೋನು ನನ್ನ ಬ್ಯಾಗಿನಲ್ಲಿತ್ತು. ಎಷ್ಟು ಹೊತ್ತಾದರೂ ಅವರು ಬಾರದಿದ್ದಾಗ ನಾನು ವಾಪಸ್ ಗುಡ್ಡ ಹತ್ತಿ, ಗಂಟಲು ಹರಿಯುವಂತೆ ಕೂಗಿದೆ. ಆಚೆ ಬದಿಯಿಂದ ಸಣ್ಣ ದನಿ ಕೇಳಿತು. "ಇಲ್ಲಿದೀನಿ ಕಣಮ್ಮಾ."

ಇಳಿದು ಬಂದು ಆಯೋಜಕರನ್ನು ತರಾಟೆಗೆ ತೆಗೆದುಕೊಂಡರೆ, ಆ ಪುಣ್ಯಾತ್ಮ ಸ್ವಲ್ಪವೂ ಅಳುಕದೆ ಹೇಳಿದ್ದು: "ಮೇಡಂ, ಕಟ್‌ಆಫ್ ಟೈಮ್ ಅಂತ ಇರುತ್ತೆ. ಇಷ್ಟು ಸ್ಲೋ ಇರೋರು ಮನೆ ಹತ್ರಾನೇ ವಾಕ್ ಮಾಡ್ಕೋಬೇಕು."

ಮೈಯೆಲ್ಲ ಉರಿಯಿತು. ಮನೆ ಹತ್ತಿರ ನಡೆಯಲು ಬಿಟ್ಟಿದ್ದರೆ ಇಲ್ಲಿಗೇಕೆ ಬರುತ್ತಿದ್ದರು ಸ್ವಾಮಿ? ನಮ್ಮಲ್ಲಿ ಊಟದ ಪಂಕ್ತಿಯಲ್ಲೂ ಕೊನೆಯವರ ಎಲೆ ಮುಗಿಯುವವರೆಗೆ ಯಾರೂ ಏಳುವುದಿಲ್ಲ. ಬೇಗ ಓಡುವವರು ಮಾತ್ರ ಬೇಕಿದ್ದರೆ ರೇಸ್ ಅಂತಲೇ ಕರೆಯಿರಿ, ಯಾರು ಬೇಡ ಅಂದರು? 'ಎಲ್ಲರ' ಅನ್ನುವ ಪದವನ್ನು ಯಾಕೆ ಬ್ಯಾನರಿಗೆ ಎಳೆದು ತರುತ್ತೀರಿ?

ಮರುದಿನ ಫೋನ್ ಮಾಡಿ, ಮತ್ತೆ ಚಾಂಪಿಯನ್ ರೀಫ್ಸ್‌ಗೇ ಹೋಗೋಣ ಬನ್ನಿ ಅಕ್ಕ ಎಂದೆ.

"ಬ್ಯಾಡ ಬುಡಮ್ಮಾ. ಕುಡುಗೋಲ್ ಇಡ್ಕೊಂಡ್ ಒಂಟಿದೀನಿ" ಎಂದು ಫೋನಿಟ್ಟರು.

ಅಷ್ಟರಲ್ಲಿ ವಾಟ್ಸ್ಆ್ಯಪ್ ಗ್ರೂಪಿಗೆ ಆ ಫೋಟೊ ಬಂದಿತ್ತು. 'ನಾವೆಲ್ಲರೂ ಮುಗಿಸಿದೆವು!' ಎಂದು ಬರೆದಿದ್ದರು, ಕೆಳಗೆ ಹೃದಯದ ಇಮೋಜಿಗಳ ಸಾಲು. ಅದರ ಕೆಳಗೆ ನಾನೂ ಒಂದು ಸಾಲು ಬರೆದು ಹಾಕಿದ್ದೇನೆ:

"ಎಲ್ಲಾರೂ ಮೇಲೆ ಬಂದ್ರಾ?"