ಹೆಸರು ಹಾಕುವುದಿಲ್ಲ ಎಂದಿದ್ದ

ಬೈಯುವ ಬಾಸ್‌ಗಳ ಕೈಕೆಳಗೆ ನಾನು ಬೇಕಾದಷ್ಟು ವರ್ಷ ದುಡಿದಿದ್ದೇನೆ. ಅವರಿಗೆ ಅಷ್ಟೇನೂ ಹೆದರಿದವಳಲ್ಲ. ನನ್ನ ಕೈಕಾಲು ತಣ್ಣಗಾಗುವ ಹಾಗೆ ಹೆದರಿಸಿದವನು ಒಬ್ಬನೇ, ಅವನು ಒಂದು ದಿನವೂ ದನಿ ಏರಿಸಿದವನಲ್ಲ.

ನಮ್ಮ ವಿಮಾ ಕಂಪನಿಯ ಕಚೇರಿ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿತ್ತು. ಗಂಡನಿಗೆ ವಡೋದರಾದಲ್ಲಿ ರೈಲ್ವೆ ಕೆಲಸ. ಅವರು ದಿನಾ ಅಪ್-ಡೌನ್ ಮಾಡಲು ಅನುಕೂಲವೆಂದು ಮಣಿನಗರ ಸ್ಟೇಷನ್ನಿನ ಹತ್ತಿರ ಮನೆ ಹಿಡಿದಿದ್ದೆವು. ಮೊದಲಿದ್ದ ಮ್ಯಾನೇಜರು ಸಿಡುಕು ಮೋರೆಯ ಮನುಷ್ಯ. ರಜೆ ಕೇಳಿದರೆ ತಲೆ ಎತ್ತದೆ, "ವಾಪಸು ಯಾವಾಗ?" ಎಂದಷ್ಟೇ ಕೇಳಿ ಸಹಿ ಗೀಚುತ್ತಿದ್ದರು. ಯಾಕೆ ಎಂದು ಯಾರನ್ನೂ ಕೇಳಿದವರಲ್ಲ. ಅದನ್ನು ನಾವು ಒರಟುತನ ಎಂದು ಆಡಿಕೊಳ್ಳುತ್ತಿದ್ದೆವು.

ಅವರು ನಿವೃತ್ತರಾದ ಮೇಲೆ ಬಂದವನು ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನು. ಸರ್ ಅನ್ನಬಾರದು, ಹೆಸರು ಹಿಡಿದೇ ಕರೆಯಬೇಕು ಎಂದು ಮೊದಲ ದಿನವೇ ಹೇಳಿದ. ನನಗೆ ಬಾಯಿ ಬರಲಿಲ್ಲ. ಕರೆಯಬೇಕಾದಾಗಲೆಲ್ಲ ಅವನ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದೆ. ದಿನಾ ಬೆಳಿಗ್ಗೆ ಅವನು ಇಂಟರ್‌ನೆಟ್ಟಿನಲ್ಲಿ ನಾಯಕತ್ವದ ಬಗ್ಗೆ ಒಂದು ಪೋಸ್ಟ್ ಹಾಕುತ್ತಿದ್ದ. ಸಾವಿರಾರು ಜನ ಓದಿ ಲೈಕ್ ಒತ್ತುತ್ತಿದ್ದರು. ಧಾರವಾಡದಲ್ಲಿದ್ದ ನನ್ನ ಅಣ್ಣನ ಮಗನೂ ಅವರಲ್ಲೊಬ್ಬ. "ಅತ್ತಿ, ನಿಮ್ಮ ಬಾಸ್ ಭಾರಿ ಅದಾರ ಬಿಡ್ರಿ," ಎಂದು ಫೋನು ಮಾಡಿ ಹೊಗಳುತ್ತಿದ್ದ. ನಾನೂ ಹಿಗ್ಗಿದ್ದೆ.

ಸೋಮವಾರದ ಮೀಟಿಂಗಿನಲ್ಲಿ ಟಾರ್ಗೆಟ್ಟಿನ ಮಾತು ಆಮೇಲೆ. ಮೊದಲು ಒಬ್ಬೊಬ್ಬರೂ ತಮ್ಮ ಬಾಳಿನ ಒಂದು ಕಷ್ಟ ಹೇಳಿಕೊಳ್ಳಬೇಕು. ಅವನು ಕೆನ್ನೆಗೆ ಕೈ ಕೊಟ್ಟು ಕೇಳುತ್ತಿದ್ದ. ಚೆನ್ನಾಗಿದ್ದದ್ದು ಮಂಗಳವಾರ ಬೆಳಿಗ್ಗೆ ಪೋಸ್ಟ್ ಆಗುತ್ತಿತ್ತು. ಹಾಗಾಗಿ ಶನಿವಾರ ಚಹಾದ ತಳ್ಳುಗಾಡಿಯ ಹತ್ತಿರ ಸಹೋದ್ಯೋಗಿಗಳು, "ಬೆಹೆನ್, ನಿಮ್ಮ ಹತ್ತಿರ ಹೆಚ್ಚುವರಿ ದುಃಖ ಏನಾದರೂ ಇದೆಯಾ?" ಎಂದು ಕೇಳುವಂತಾಯಿತು. ಒಬ್ಬನಂತೂ ಎಂದೋ ತೀರಿಹೋದ ಅಜ್ಜನನ್ನು ಮೂರು ಸಲ ಸಾಯಿಸಿದ. ನಕ್ಕು ನಕ್ಕು ಸಾಕಾಗುತ್ತಿತ್ತು.

ಆ ನಗು ನಿಂತದ್ದು ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರಿಂದ. ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಮಗಳು ಗಂಡನ ಮನೆ ಬಿಟ್ಟು ಬಂದಿದ್ದಾಳೆ ಎಂದು ಒಂದು ಸೋಮವಾರ ಹೇಳಿಬಿಟ್ಟರು. ಮರುದಿನದ ಪೋಸ್ಟಿನಲ್ಲಿ ಹೆಸರಿರಲಿಲ್ಲ, ಮುಖವೂ ಇರಲಿಲ್ಲ. ಫೋಟೋದಲ್ಲಿ ಅವರ ಬೋಳು ತಲೆ ಮತ್ತು ಹಳೇ ಸ್ಕೂಟರ್ ಹಿಂದಿನಿಂದ ಕಾಣುತ್ತಿದ್ದವು, ಅಷ್ಟೆ. ಅವರ ಅಪಾರ್ಟ್‌ಮೆಂಟಿನ ನೆರೆಹೊರೆಯವರಿಗೆ ಅಷ್ಟು ಸಾಕಾಯಿತು. ಸಮಾಧಾನ ಹೇಳುವ ನೆಪದಲ್ಲಿ ಒಬ್ಬೊಬ್ಬರೇ ಮನೆ ಹೊಕ್ಕರು. ಮಗಳು ಹಾಲು ತರಲೂ ಕೆಳಗಿಳಿಯುವುದನ್ನು ಬಿಟ್ಟಳು. ಅವರು ಸೂರತ್ತಿಗೆ ವರ್ಗ ಕೇಳಿಕೊಂಡು ಹೋದರು.

ಇದಾದ ಕೆಲವೇ ದಿನಗಳಲ್ಲಿ, ಸ್ನಾನ ಮಾಡುವಾಗ ನನ್ನ ಎದೆಯಲ್ಲಿ ಒಂದು ಗಂಟು ಕೈಗೆ ಹತ್ತಿತು.

ನನ್ನ ಅಕ್ಕ ತೀರಿಕೊಂಡದ್ದು ಅದೇ ಜಾಗದ ಕ್ಯಾನ್ಸರಿನಿಂದ. ಆಮೇಲೆ ಅಣ್ಣನ ಮನೆಯಲ್ಲಿದ್ದ ಅವ್ವ ಊಟ ಬಿಟ್ಟು, ಮಾತು ಬಿಟ್ಟು, ಮೂಲೆ ಹಿಡಿದಿದ್ದಳು. ಅಣ್ಣ ಒಂದು ಫೋನು ಕೊಡಿಸಿ, ರಂಗೋಲಿ, ಭಜನೆ, ಮೊಮ್ಮಕ್ಕಳ ಫೋಟೋ ತೋರಿಸುತ್ತ ಅವಳನ್ನು ನಿಧಾನವಾಗಿ ಮನುಷ್ಯಳನ್ನಾಗಿ ಮಾಡಿದ್ದ. ಇನ್ನೊಬ್ಬ ಮಗಳಿಗೂ ಹೀಗೆ ಎಂದು ಗೊತ್ತಾದರೆ ಅವಳು ಬದುಕುವುದಿಲ್ಲ ಎಂದು ನನಗೆ ಖಾತ್ರಿ ಇತ್ತು. ಡಾಕ್ಟರು ಸೂಜಿ ಹಾಕಿ ಪರೀಕ್ಷೆ ಮಾಡಬೇಕೆಂದರು. ವಿಷಯ ನಮ್ಮಿಬ್ಬರ ಆಚೆ ಹೋಗಬಾರದೆಂದು ಗಂಡನಿಂದ ಆಣೆ ಹಾಕಿಸಿಕೊಂಡೆ.

ಆದರೆ ರಜೆ ಬೇಕಿತ್ತು. ಹೊಸ ಪದ್ಧತಿಯಲ್ಲಿ ಅರ್ಜಿ ಇರಲಿಲ್ಲ, ಗೆಳೆಯನಿಗೆ ಹೇಳುವ ಹಾಗೆ ಅವನಿಗೇ ಹೇಳಬೇಕು. ಕೆಮ್ಮಿ ಒಳಗೆ ಹೋದೆ. ಸ್ವಲ್ಪ ಹುಷಾರಿಲ್ಲ ಎಂದೆ. ಅವನು ಲ್ಯಾಪ್‌ಟಾಪ್ ಮುಚ್ಚಿ, ತನ್ನ ಕುರ್ಚಿ ಬಿಟ್ಟು ನನ್ನ ಪಕ್ಕದ ಕುರ್ಚಿಯಲ್ಲಿ ಬಂದು ಕುಳಿತ. ನೀರು ಬಗ್ಗಿಸಿ ಕೊಟ್ಟ. "ಈಗ ನಾನು ಬಾಸ್ ಅಲ್ಲ. ಏನಾಗಿದೆ ಹೇಳಿ," ಎಂದ. ವಾರದಿಂದ ಒಳಗೊಳಗೇ ಹೆದರಿ ಒಣಗಿದ್ದೆ. ಅಷ್ಟು ಮೆತ್ತಗೆ ಯಾರಾದರೂ ಕೇಳಿದರೆ ಬಾಯಿ ತಾನಾಗಿ ತೆರೆಯುತ್ತದೆ. ಗಂಟಿನ ವಿಷಯ ಹೇಳಿದೆ. ಅಕ್ಕನ ವಿಷಯವನ್ನೂ ಹೇಳಿದೆ.

ಅವನ ಕಣ್ಣಲ್ಲಿ ನೀರು ಬಂತು. ನಾಟಕವಲ್ಲ, ನಿಜವಾದ ನೀರು. ಅದನ್ನು ನೋಡಿದಾಗಲೇ ನನಗೆ ಮಂಗಳವಾರದ ಪೋಸ್ಟು ನೆನಪಾಯಿತು.

"ದಯವಿಟ್ಟು ಇದನ್ನು ಎಲ್ಲೂ ಬರೆಯಬೇಡಿ," ಎಂದೆ.

"ಛೇ, ಏನು ಮಾತು! ನಿಮ್ಮ ಹೆಸರು ಹಾಕುವುದಿಲ್ಲ," ಎಂದ.

ನಾನು ಕೇಳಿದ್ದೇನು, ಅವನು ಕೊಟ್ಟ ಮಾತೇನು ಎಂದು ಹೊಳೆಯುವಷ್ಟರಲ್ಲಿ ಕ್ಯಾಬಿನ್ನಿನ ಹೊರಗೆ ನಿಂತಿದ್ದೆ. ಮತ್ತೆ ಒಳಗೆ ಹೋಗಿ ಕೇಳುವ ಧೈರ್ಯವಾಗಲಿಲ್ಲ. ಜ್ಞಾಪಿಸಿದರೆ ಎಲ್ಲಿ ಬರೆದೇಬಿಡುತ್ತಾನೋ ಎಂಬ ದಿಗಿಲು.

ಪರೀಕ್ಷೆ ಆಯಿತು, ವರದಿಗೆ ಕಾಯಬೇಕಿತ್ತು. ಅದು ಯಾವತ್ತು ಬರುತ್ತದೆಂದು ಅವನು ಕೇಳಿ ತಿಳಿದುಕೊಂಡಿದ್ದ. ನಾನು ಕಾದದ್ದು ವರದಿಗಿಂತ ಹೆಚ್ಚಾಗಿ ಅವನ ಪೋಸ್ಟಿಗೆ. ಅನ್ನಕ್ಕಿಟ್ಟು ನೋಡುತ್ತಿದ್ದೆ, ಬಟ್ಟೆ ಒಣಹಾಕಿ ನೋಡುತ್ತಿದ್ದೆ, ಕಚೇರಿಯ ಬಚ್ಚಲಿನಲ್ಲಿ ಚಿಲಕ ಹಾಕಿಕೊಂಡು ನೋಡುತ್ತಿದ್ದೆ. ಅವನು ಎದುರಿಗೆ ಬಂದು ಭುಜ ತಟ್ಟಿ ನಕ್ಕರೆ ಮತ್ತೆ ಬಚ್ಚಲಿಗೆ ಓಡಿ ಫೋನು ತೆಗೆಯುತ್ತಿದ್ದೆ.

"ಯಾವುದಕ್ಕ ಹೆದರಾಕತ್ತಿ ನೀನು, ಗಂಟಿಗೋ ಅವಂಗೋ?" ಎಂದು ಗಂಡ ಕೇಳಿದರು.

"ನನಗ ಗೊತ್ತಾಗವಲ್ದು," ಎಂದೆ. ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ.

ವರದಿ ಬರುವ ದಿನ ಗಂಡ ರಜೆ ಹಾಕಿ ಆಸ್ಪತ್ರೆಗೆ ಹೋದರು. ನಾನು ಮನೆಯಲ್ಲಿ ಕುಳಿತರೆ ಹುಚ್ಚು ಹಿಡಿಯುತ್ತದೆಂದು ಕಚೇರಿಗೆ ಹೊರಟೆ. ಬಸ್ಸಿನಲ್ಲಿ ಫೋನು ತೆರೆದಾಗ ಅದು ಅಲ್ಲಿತ್ತು. 'ಇಂದು ನನ್ನ ತಂಡದ ಯೋಧೆಯೊಬ್ಬಳ ವರದಿ ಬರಲಿದೆ. ಇದೇ ರೋಗ ಆಕೆಯ ಅಕ್ಕನನ್ನು ಕಿತ್ತುಕೊಂಡಿತು. ಆದರೂ ಆಕೆ ಒಂದೂ ಟಾರ್ಗೆಟ್ ತಪ್ಪಿಸಿಲ್ಲ.' ಮಾತಿಗೆ ತಪ್ಪಿರಲಿಲ್ಲ, ಹೆಸರು ಹಾಕಿರಲಿಲ್ಲ. ಕೆಳಗೆ ಒಂದು ಫೋಟೋ. ನನ್ನ ಖಾಲಿ ಕುರ್ಚಿ, ಅದಕ್ಕೆ ನೇತುಹಾಕಿದ ನನ್ನ ಚೀಲ. ಯಾವಾಗಲೋ ನಾನು ಎದ್ದುಹೋದಾಗ ತೆಗೆದದ್ದು.

ಆ ಚೀಲವನ್ನು ಅವ್ವ ತನ್ನ ಕೈಯಾರೆ ಹೊಲಿದು ಕಳಿಸಿದ್ದಳು. ಅಕ್ಕನ ಖಣದ ಕುಬಸಗಳನ್ನು ಬಿಚ್ಚಿ, ತುಂಡು ತುಂಡು ಕೂಡಿಸಿ ಹೊಲಿದದ್ದು. ಲೋಕದಲ್ಲಿ ಅಂಥದ್ದು ಇನ್ನೊಂದಿಲ್ಲ.

ಕಚೇರಿಗೆ ಹೋದವಳೇ, ಅಂದು ಕೆಮ್ಮದೆ, ನೇರ ಕ್ಯಾಬಿನ್ನಿಗೆ ನುಗ್ಗಿದೆ. "ತೆಗೆಯಿರಿ ಅದನ್ನು," ಎಂದೆ. ಅವನು ಪರದೆಯನ್ನು ನನ್ನ ಕಡೆ ತಿರುಗಿಸಿದ. "ನೋಡಿ, ಎಷ್ಟು ಜನ ನಿಮಗಾಗಿ ಪ್ರಾರ್ಥನೆ ಮಾಡುತ್ತಿದ್ದಾರೆ. ಈಗ ತೆಗೆದರೆ ಅವರಿಗೆಲ್ಲ ನೋವಾಗುತ್ತದೆ," ಎಂದ. ಸಾಲು ಸಾಲು ಮುಗಿದ ಕೈಗಳು ಮೇಲಕ್ಕೆ ಸರಿಯುತ್ತಿದ್ದವು. ಅವುಗಳ ನಡುವೆ ಅಣ್ಣನ ಮಗನ ಹೆಸರೂ ಇತ್ತು.

ಅಷ್ಟರಲ್ಲಿ ಗಂಡನ ಫೋನು ಬಂತು. "ಏನೂ ಇಲ್ಲಂತ! ಬರೇ ಕೊಬ್ಬಿನ ಗಂಟಂತ!" ಎಂದು ಆಸ್ಪತ್ರೆಯಲ್ಲೇ ಕೂಗುತ್ತಿದ್ದರು. ನಾನು ಅಲ್ಲೇ ಕುಳಿತು ಅತ್ತೆ. ಬಾಸಿಗೆ ತಿಳಿಸಿದಾಗ ಅವನೂ ಮನಸಾರೆ ಖುಷಿಪಟ್ಟ. "ಹಾಗಾದರೆ ಎರಡನೇ ಭಾಗಕ್ಕೆ ಒಂದು ಫೋಟೋ. ಕಣ್ಣು ಒರೆಸಿಕೊಳ್ಳಬೇಡಿ, ಹಾಗೇ ಇರಿ," ಎಂದು ಮೊಬೈಲು ಎತ್ತಿದ.

ನನ್ನ ಕೈಯಲ್ಲಿದ್ದ ಫೋನು ಮತ್ತೆ ಹೊಡೆದುಕೊಂಡಿತು. ಅವ್ವ.

"ನಿನ್ನ ಚೀಲ ಫೋನಿನ್ಯಾಗ ಬಂದೈತಿ," ಎಂದಳು. "ಏನಾಗೇತಿ ನಿನಗ?"

"ಏನೂ ಆಗಿಲ್ಲ ಅವ್ವಾ, ನಿನ್ನಾಣಿಗೂ ಇಲ್ಲ. ಈಗಷ್ಟ ರಿಪೋರ್ಟ್ ಬಂತು. ಬರೇ ಕೊಬ್ಬಿನ ಗಂಟಂತ."

ಆ ಕಡೆ ಅಣ್ಣನ ಮನೆಯ ಕುಕ್ಕರ್ ಕೂಗುವುದು ಕೇಳಿಸಿತು.

"ನಿಮ್ಮಕ್ಕಾನೂ ನನಗ ಹಂಗ ಹೇಳಿದ್ಲು," ಎಂದಳು.